ಬಂದ ಉದ್ದೇಶ

ಚಂದ್ರನ ಮೇಲೆ ಮನುಷ್ಯರು ಮನೆ ಮಾಡಿಕೊಂಡು ಸಂಸಾರ ಹೂಡುವ ಕಾಲ ಬಂದರೆ ಅಲ್ಲಿ ಗಾಳಿಯ ಕೀಲಿಕೈ ಯಾರ ಹತ್ತಿರ ಇರಬೇಕು? ಈ ಪ್ರಶ್ನೆಗೆ ಉತ್ತರ ಗೊತ್ತಿದ್ದ ಒಬ್ಬರೇ ಒಬ್ಬರನ್ನು ನಾನು ಕಂಡಿದ್ದೇನೆ. ವಿಶಾಖಪಟ್ಟಣದಲ್ಲಿ ನನ್ನ ಬಾಡಿಗೆ ಫ್ಲ್ಯಾಟಿನ ಎದುರು ಬಾಗಿಲಿನವರು ಅವರು. ಬಳ್ಳಾರಿ ಕಡೆಯವರು. ಹಡಗಿನ ಏಜೆಂಟರೊಬ್ಬರ ಕಚೇರಿಯಲ್ಲಿ ಮೂವತ್ತು ವರ್ಷ ಕಾನೂನು ಕಾಗದಗಳನ್ನು ಬರೆದು ನಿವೃತ್ತರಾಗಿದ್ದರು. ನಡುವೆ ಕೆಲವು ವರ್ಷ ಸಂಜೆಯ ಕಾಲೇಜಿನಲ್ಲಿ ಪಾಠವನ್ನೂ ಹೇಳಿದ್ದರಿಂದ ಕಟ್ಟಡದವರೆಲ್ಲ ಅವರನ್ನು ಎದುರಿಗೆ 'ಮಾಸ್ಟಾರು' ಎನ್ನುತ್ತಿದ್ದರು, ಬೆನ್ನ ಹಿಂದೆ 'ಚಂದ್ರಲೋಕಂ ಮಾಸ್ಟಾರು'. ನಾನು 'ಸರ್' ಎನ್ನುತ್ತಿದ್ದೆ. ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ಅವರು ಎಲ್ಲೂ ದೊಡ್ಡದಾಗಿ ಬರೆದುಕೊಂಡವರಲ್ಲ. ಕಾಗದದ ಅಡಿಯಲ್ಲಿ ಎರಡಕ್ಷರದ ಸಹಿ, ಅಷ್ಟೇ.

ಪರಿಚಯವಾದದ್ದು ನೀರಿನ ಜಗಳದಿಂದ. ನಾನು ದಾವಣಗೆರೆಯಿಂದ ಅಲ್ಲಿಗೆ ಹೋದದ್ದು ಎರಡು ಸಾವಿರದ ಎರಡರಲ್ಲಿ, ಔಷಧಿ ಕಾರ್ಖಾನೆಯೊಂದರ ಆಫೀಸಿನಲ್ಲಿ ಲೈಸೆನ್ಸಿನ ಕಾಗದಗಳನ್ನು ನೋಡಿಕೊಳ್ಳುವ ಕೆಲಸಕ್ಕೆ. ಒಂಟಿ ಹೆಂಗಸು, ಬಾಯಿಯೂ ಸ್ವಲ್ಪ ಜೋರು. ತಾರಸಿಯಲ್ಲಿ ಬಟ್ಟೆ ಒಣಗಿಸುವ ತಂತಿ ಯಾರದೆಂಬ ವಿಷಯಕ್ಕೆ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರ ಜೊತೆ ಮಾತಿಗೆ ಮಾತು ಬೆಳೆಯಿತು. ಅವರು ಕ್ಷಮೆ ಕೇಳಬೇಕೆಂದರು, ನಾನು ಕೇಳಲಿಲ್ಲ. ಮರುದಿನ ನನ್ನ ನಲ್ಲಿಯಲ್ಲಿ ನೀರಿಲ್ಲ. ತಾರಸಿಯ ಮೇಲೆ ಒಂದೊಂದು ಮನೆಗೂ ಒಂದೊಂದು ವಾಲ್ವ್ ಇತ್ತು, ಅದಕ್ಕೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯ ಕೀಲಿ ಅಧ್ಯಕ್ಷರ ಜೇಬಿನಲ್ಲಿ. ನಾನು ಖಾಲಿ ಬಕೆಟ್ ಹಿಡಿದು ಮೆಟ್ಟಿಲ ಮೇಲೆ ನಿಂತು ಅಧ್ಯಕ್ಷರ ಮನೆತನವನ್ನೆಲ್ಲ ಕನ್ನಡದಲ್ಲಿ ನೆನೆಯುತ್ತಿದ್ದೆ. ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯ.

ಎದುರು ಬಾಗಿಲು ತೆರೆಯಿತು. ಬನಿಯನ್ನು, ಪಂಚೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್.

"ಬೈಗುಳದಾಗ ಎರಡನೇದು ಕಾನೂನಿನ ಪ್ರಕಾರ ಮಾನಹಾನಿ ಆಗ್ತೈತಮ್ಮ. ಉಳಿದವು ಪರವಾಗಿಲ್ಲ. ಬಕೆಟ್ ಕೊಡು."

ನಾಲ್ಕು ಬಕೆಟ್ ನೀರನ್ನು ಅವರೇ ಹೊತ್ತು ತಂದು ನನ್ನ ಹೊಸ್ತಿಲ ಹೊರಗೆ ಇಟ್ಟರು. ಒಳಗೆ ಕಾಲಿಡಲಿಲ್ಲ. ಭಾನುವಾರ ಸಂಘದ ಸಭೆಯಲ್ಲಿ ಎದ್ದು ನಿಂತು, ಒಂದು ಫೈಲಿನಿಂದ ಕಾಗದ ತೆಗೆದು, ತೆಲುಗಿನಲ್ಲಿ ಗಂಭೀರವಾಗಿ ಓದಿದರು. 'ಗಾಳಿ, ನೀರು, ಬೆಳಕು ಇವುಗಳ ಕೀಲಿ ಯಾರ ಕೈಯಲ್ಲಿರುತ್ತದೆಯೋ ಅವರಿಗೆ ನಿವಾಸಿಗಳ ಜಗಳ ತೀರ್ಮಾನಿಸುವ ಅಧಿಕಾರ ಇರತಕ್ಕದ್ದಲ್ಲ. ಶಿಕ್ಷೆಯೆಂದು ಯಾರ ಉಸಿರನ್ನೂ ಕಡಿಮೆ ಮಾಡತಕ್ಕದ್ದಲ್ಲ.' ಇದು ಯಾವ ಕಾಯಿದೆಯಲ್ಲಿದೆ ಎಂದು ಅಧ್ಯಕ್ಷರು ಕೇಳಿದರು. "ಚಂದ್ರನ ಮೇಲಿನ ವಸತಿಗಳಿಗೆ ನಾನು ಬರೀತಿರೋ ಕರಡು. ಹದಿನಾಲ್ಕನೇ ಕಲಂ," ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಆದರೆ ನಗುವವರ ನಡುವೆ ಮುಖ ಗಂಟಿಕ್ಕಿಕೊಂಡು ಕೂರುವುದು ಯಾವ ಅಧ್ಯಕ್ಷನಿಗೂ ಕಷ್ಟ. ಸಂಜೆ ನನ್ನ ನಲ್ಲಿಯಲ್ಲಿ ನೀರು ಬಂತು.

ಅವರ ಮನೆಯಲ್ಲಿ ನಾಲ್ಕು ಕುರ್ಚಿಯ ಊಟದ ಮೇಜಿತ್ತು. ಎರಡು ಕುರ್ಚಿಗಳ ಮೇಲೆ ಕಾಗದದ ಕಟ್ಟು, ಮೂರನೆಯದರ ಮೇಲೆ ಇಸ್ತ್ರಿಯಾದ ಬಟ್ಟೆ. ನಾಲ್ಕನೆಯದರ ಮೇಲೆ ಅವರು ಕೂತು ಊಟ ಮಾಡುತ್ತಿದ್ದರು, ಬರೆಯುತ್ತಿದ್ದರು, ಕೆಲವೊಮ್ಮೆ ಕೂತಲ್ಲೇ ತೂಕಡಿಸುತ್ತಿದ್ದರು. ಹೆಂಡತಿ ತೆಲುಗಿನವರು, ನಾನು ಬರುವ ಎರಡು ವರ್ಷ ಮುಂಚೆ ತೀರಿಹೋಗಿದ್ದರು. ಒಬ್ಬಳೇ ಮಗಳು ವಿಜಯವಾಡದ ಪಟಮಟದಲ್ಲಿ ಶಾಲೆಯ ಟೀಚರು. ಸಿಂಹಾಚಲಂ ಬೆಟ್ಟಕ್ಕೆ ಹೋಗಿಬಂದ ಅಕ್ಕಪಕ್ಕದವರು ಪ್ರಸಾದ ತಂದುಕೊಟ್ಟರೆ "ಸ್ವೀಕರಿಸಲಾಗಿದೆ" ಎನ್ನುತ್ತಿದ್ದರು. ತಮಾಷೆಗಲ್ಲ, ಅವರ ಬಾಯಿಂದ ಬರುತ್ತಿದ್ದದ್ದೇ ಹಾಗೆ.

ಕರಡನ್ನು ಅವರು ಕನ್ನಡದಲ್ಲಿ ಬರೆಯುತ್ತಿದ್ದರು. ಇಲ್ಲಿ ಯಾರು ಓದುತ್ತಾರೆ ಸರ್, ಇಂಗ್ಲಿಷಿನಲ್ಲೇ ಬರೆಯಬಾರದೇ ಎಂದು ಕೇಳಿದ್ದೆ.

"ದಮ್ಮು ಕಟ್ಟಿದಾಗ ಮನುಷ್ಯ ತಾಯಿಭಾಷೇಲೇ ಕೂಗ್ತಾನಮ್ಮ. ಮೊದಲು ಆ ಭಾಷೇಲಿ ಸರಿ ಕೂರ್ಬೇಕು. ಇಂಗ್ಲಿಷಿಗೆ ಆಮೇಲೆ ಹೋದ್ರಾತು."

ಮೊದಲ ಕಲಮೇ 'ಉಸಿರಾಟವು ಸಂಬಳದ ಭಾಗವಲ್ಲ' ಎಂದು. ಅಲ್ಲಿ ಗಣಿ ಕೆಲಸಕ್ಕೋ ಮತ್ತೊಂದಕ್ಕೋ ಕರೆದುಕೊಂಡು ಹೋದವರು, ಕೆಲಸ ಬಿಟ್ಟವನಿಗೆ ಗಾಳಿ ಕೊಡುವುದಿಲ್ಲ ಎಂದರೆ ಅವನು ಎಲ್ಲಿಗೆ ಹೋಗಬೇಕು? ಇಲ್ಲಾದರೆ ಬೀದಿಗೆ ಬೀಳಬಹುದು. ಅಲ್ಲಿ ಬೀದಿಯೂ ಇಲ್ಲ. ಇನ್ನೊಂದು ಕಲಂ, ಕಾರಣ ಕೇಳದೆ ಯಾರನ್ನಾದರೂ ಭೂಮಿಗೆ ವಾಪಸು ಕಳಿಸಬೇಕೆಂಬುದು. ಅಲ್ಲೇ ಹುಟ್ಟಿದ ಮಗುವಿಗೆ 'ಸ್ವಂತ ಊರು' ಎಂಬ ಖಾನೆಯಲ್ಲಿ ಏನು ಬರೆಯಬೇಕು ಎಂಬುದಕ್ಕೆ ಮೂರು ಪುಟಗಳಿದ್ದವು, ಮೂರನ್ನೂ ಹೊಡೆದು ಹಾಕಿ ಮತ್ತೆ ಬರೆದಿದ್ದರು. ನಾನು ಮೊದಮೊದಲು ಒಳಗೊಳಗೇ ನಗುತ್ತಿದ್ದೆ. ನಗು ಯಾವಾಗ ನಿಂತಿತೋ ಗೊತ್ತಿಲ್ಲ.

ಮುಗಿದ ಮೇಲೆ ಅದನ್ನು ಬಾಹ್ಯಾಕಾಶದ ಕಾನೂನು ನೋಡಿಕೊಳ್ಳುವ ಪರದೇಶದ ದೊಡ್ಡ ಕಚೇರಿಯೊಂದಕ್ಕೆ ಕಳಿಸಬೇಕೆಂಬುದು ಅವರ ಆಸೆ. ಆದರೆ ಕಾನೂನು ಕಚೇರಿಗಳಲ್ಲಿ ಒಂದು ಪದ್ಧತಿಯಿದೆ. ಕರಡಿನಿಂದ ಶುದ್ಧಪ್ರತಿ ಮಾಡಿದ ಮೇಲೆ ಒಬ್ಬರು ಕರಡನ್ನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಾಯಲ್ಲಿ ಹೇಳುತ್ತ. ಇನ್ನೊಬ್ಬರು ಶುದ್ಧಪ್ರತಿಯ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಆಮೇಲೆ ಪುಟದಡಿಯಲ್ಲಿ 'ಓದಿದವರು', 'ಹೋಲಿಸಿದವರು' ಎಂದು ಇಬ್ಬರ ಸಹಿ. ಒಬ್ಬರೇ ಮಾಡುವ ಕೆಲಸವಲ್ಲ ಅದು. ಓದಿ ಹೋಲಿಸದ ಕಾಗದ ಹೊಸ್ತಿಲು ದಾಟಬಾರದು ಎಂಬುದು ಅವರ ವ್ರತ. ಮೊದಲ ನಲವತ್ತು ಪುಟಗಳಲ್ಲಿ 'ಹೋಲಿಸಿದವರು' ಎಂಬಲ್ಲಿ ದುಂಡಗೆ ತೆಲುಗು ಸಹಿಯಿತ್ತು. ಹೆಂಡತಿಯದು. ಎರಡೂ ಲಿಪಿಗಳು ಅಕ್ಕತಂಗಿಯರಂತಿರುವುದರಿಂದ ಆಕೆ ಅರ್ಥ ಪೂರ್ತಿ ಆಗದಿದ್ದರೂ ಅಕ್ಷರ ಹಿಡಿದು ಹಿಂಬಾಲಿಸುತ್ತಿದ್ದರಂತೆ. ಆಮೇಲಿನ ಪುಟಗಳಲ್ಲಿ ಆ ಜಾಗ ಖಾಲಿ.

ಹಾಗೆ ನಾನು ಹೋಲಿಸುವವಳಾದೆ. ಶನಿವಾರ ಸಂಜೆ ಒಂದು ಕುರ್ಚಿಯ ಕಟ್ಟು ನೆಲಕ್ಕಿಳಿಯಿತು. ಅವರು ಓದುವುದು, ನಾನು ಬೆರಳಾಡಿಸುವುದು. ಮೂರು ವರ್ಷ ಹೆಚ್ಚುಕಡಿಮೆ ಪ್ರತಿ ಶನಿವಾರ ಹೀಗೆ ಕೂತಿದ್ದೇವೆ. ಓದಿ ಮುಗಿದ ಕೂಡಲೇ "ಆತು, ನಿನಗ ಕೆಲಸ ಇರ್ತೈತೆ" ಎಂದು ಏಳುತ್ತಿದ್ದರು. ನನಗೆ ಯಾವ ಕೆಲಸವೂ ಇರುತ್ತಿರಲಿಲ್ಲ. ಆದರೂ ಏಳುತ್ತಿದ್ದೆ.

ಅವರಾಗಿ ನನ್ನ ಬಾಗಿಲಿಗೆ ಬರಿಗೈಲಿ ಬಂದದ್ದೇ ಇಲ್ಲ. ಕೈಯಲ್ಲಿ ಏನಾದರೊಂದು ಇರಲೇಬೇಕು. ನನ್ನ ಕರೆಂಟ್ ಬಿಲ್ಲು, ತಪ್ಪಿ ಅವರ ಮನೆಗೆ ಬಂದ ಪತ್ರ, ಹಳೆಯ ಪೇಪರು. ಒಮ್ಮೆ ಒಂದು ನಿಂಬೆಹಣ್ಣು ಹಿಡಿದು ನಿಂತಿದ್ದರು.

"ಇದು ನಿಂದಾ ನೋಡಮ್ಮ. ಮೆಟ್ಟಲ ಮೇಲೆ ಬಿದ್ದಿತ್ತು."

ನಾನು ನಿಂಬೆಹಣ್ಣು ತಂದು ವಾರವಾಗಿತ್ತು. ನಂದಲ್ಲ ಸರ್ ಎಂದೆ. "ಹಂಗಾರೆ ವಿಚಾರಿಸಬೇಕು," ಎಂದು ತಿರುಗಿ ಹೋದರು. ಒಳಗೆ ಬನ್ನಿ ಎನ್ನಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಅರವತ್ತೊಂದನೇ ಕಲಮಿಗೆ ಬಂದಾಗ ನಮಗೆ ಜಗಳವಾಯಿತು. ವಸತಿಯೊಳಗೆ ಕಾಲಿಡುವ ಪ್ರತಿಯೊಬ್ಬರೂ ತುಂಬಬೇಕಾದ ಫಾರಮಿನ ಕಲಂ ಅದು. ಹೆಸರು, ವಯಸ್ಸು, ಇರುವ ಅವಧಿ, ಬಂದ ಉದ್ದೇಶ. ಉದ್ದೇಶದ ಕೆಳಗೆ ಅವರೇ ಪಟ್ಟಿ ಕೊಟ್ಟಿದ್ದರು. ಕೆಲಸ, ಚಿಕಿತ್ಸೆ, ತನಿಖೆ, ದುರಸ್ತಿ, ವಿಚಾರಣೆ.

"ಸರ್, ನಿಮ್ಮ ಚಂದ್ರನ ಮೇಲೆ ನೆಂಟರು ಬರೋದಿಲ್ವಾ?"

"ಬಂದು ಏನು ಮಾಡ್ತಾರೆ?"

"ಏನೂ ಮಾಡಲ್ಲ. ನೆಂಟರು ಏನಾದ್ರೂ ಮಾಡ್ತಾರಾ? ಕೂತಿರ್ತಾರೆ."

"ಕೂತಿದ್ರೂ ಉಸಿರಾಡ್ತಾರಲ್ಲಮ್ಮ. ಅಲ್ಲಿ ಒಬ್ಬ ಜಾಸ್ತಿ ಬಂದ ಅಂದ್ರೆ ಇನ್ನೊಬ್ಬನ ಉಸಿರು ಕಡಿಮೆ ಆತು ಅಂತ ಅರ್ಥ. ಕೆಲಸ ಇಲ್ಲದೆ ಬರೋರಿಗೆ ಗಾಳಿ ಎಲ್ಲಿಂದ ತರ್ಲಿ?"

ಎಲ್ಲದಕ್ಕೂ ಕಲಂ ಬರೆದಿದ್ದೀರಿ, ಹೆಣಕ್ಕೂ ಬರೆದಿದ್ದೀರಿ, ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದಕ್ಕೆ ಮಾತ್ರ ಇಲ್ಲ ಎಂದೆ. "ನಿಯಮ ನೆಂಟಸ್ತನ ನೋಡಲ್ಲ," ಎಂದು ಮುಂದಿನ ಪುಟ ತಿರುಗಿಸಿದರು. ನಾನು ಸಹಿ ಹಾಕಿದೆ. ಅಕ್ಷರಗಳು ಸರಿಯಿದ್ದವು, ಹೋಲಿಸುವವಳ ಕೆಲಸ ಅಷ್ಟೇ.

ಕೆಲವು ವಾರದ ಮೇಲೆ ಒಂದು ಭಾನುವಾರ ಋಷಿಕೊಂಡದ ಬೀಚಿಗೆ ಬಸ್ಸಿನಲ್ಲಿ ಹೋದೆವು. ಅದಕ್ಕೂ ಒಂದು ಉದ್ದೇಶವಿತ್ತು, ಲಂಗರು ಹಾಕಿದ ಹಡಗುಗಳನ್ನು ನನಗೆ ತೋರಿಸುವುದು. ದೂರದಲ್ಲಿ ಎರಡು ಹಡಗು ನಿಂತಿದ್ದವು. ಬಹಳ ಹೊತ್ತು ಅವನ್ನು ನೋಡಿ ತಾವಾಗಿಯೇ ಹೇಳಿದರು. ತಾವು ಹರೆಯದಲ್ಲಿದ್ದಾಗ ಹೀಗೇ ಒಂದು ಪರದೇಶದ ಹಡಗನ್ನು ಮಾಲೀಕ ಕೈಬಿಟ್ಟಿದ್ದನಂತೆ. ಕಾಗದ ಸರಿಯಿಲ್ಲದ್ದರಿಂದ ಹಡಗಿನವರು ದಡಕ್ಕೆ ಇಳಿಯುವಂತಿಲ್ಲ, ಊರು ಕಣ್ಣೆದುರಿಗೇ ಇದೆ. ತಿಂಗಳುಗಟ್ಟಲೆ ಹಾಗೇ. ಒಬ್ಬ ಅಡುಗೆಯವನ ಸಹಿ ಬೇಕಾಗಿ ಇವರು ಲಾಂಚಿನಲ್ಲಿ ಹೋದರು.

"ಮೇಲೆ ಬಾ, ಒಂದು ಲೋಟ ಚಾ ಕುಡಿದು ಹೋಗು ಅಂದ. ನನ್ನ ಪಾಸಿನಾಗೆ ಉದ್ದೇಶ ಸಹಿ ಪಡೆಯುವುದು ಅಂತ ಇತ್ತು. ಏಣಿ ಮೇಲೇ ನಿಂತು ಸಹಿ ಇಸ್ಕೊಂಡು ಇಳಿದುಬಿಟ್ಟೆ. ಲಾಂಚು ತಿರುಗಿದಾಗ ನೋಡ್ತೀನಿ, ಎರಡು ಲೋಟ ಹಿಡ್ಕೊಂಡು ನಿಂತಾನೆ."

ಅವತ್ತೇ ಅವರಿಗೆ ಅನಿಸಿತಂತೆ, ದಡವಿಲ್ಲದ ಕಡೆ ಬದುಕುವವರಿಗೆ ಬೇರೆಯೇ ಕಾನೂನು ಬೇಕು ಎಂದು.

"ನಿಯಮದ ಪ್ರಕಾರ ನಾನು ಮಾಡಿದ್ದು ಸರಿ," ಎಂದರು.

"ಸರಿ ಸರ್. ಆ ಇನ್ನೊಂದು ಲೋಟ?"

ಅವರು ಪಂಚೆಗೆ ಮೆತ್ತಿದ ಮರಳು ಕೊಡವಿಕೊಂಡು ಬಸ್ಸಿಗೆ ಹೊತ್ತಾಯಿತು ಎಂದರು. ಮುಂದಿನ ಶನಿವಾರ ನೋಡಿದೆ. ಕಲಂ ಹಾಗೆಯೇ ಇತ್ತು. ಹಟಮಾರಿ ಮನುಷ್ಯ.

ಎರಡು ಸಾವಿರದ ಐದರಲ್ಲಿ ನನಗೆ ಹೈದರಾಬಾದಿಗೆ ವರ್ಗವಾಯಿತು. ಹೊರಡುವ ದಿನ ಅವರು ರೈಲು ನಿಲ್ದಾಣಕ್ಕೆ ಬಂದರು, ಕೈಯಲ್ಲಿ ನಾನು ಬಿಟ್ಟುಹೋಗಿದ್ದ ಒಂದು ಪ್ಲಾಸ್ಟಿಕ್ ಮಗ್ ಹಿಡಿದು. ಮರುವರ್ಷ ಅವರ ಬೆನ್ನು ನೋವು ಜಾಸ್ತಿಯಾಗಿ ಮಗಳು ಪಟಮಟಕ್ಕೆ ಕರೆದುಕೊಂಡು ಹೋದಳು. ಅಲ್ಲಿಂದ ಫೋನು ಮಾಡುತ್ತಿದ್ದರು.

"ಒಂದು ಸಲ ಬಂದು ಹೋಗಮ್ಮ."

ನನ್ನ ಬಾಯಿಗೆ ಆಫೀಸಿನ ಅಭ್ಯಾಸ. "ಏನು ಕೆಲಸ ಸರ್?"

ಆ ಕಡೆ ಕಾಗದ ಸರಿಸಿದ ಸದ್ದು. ಆಮೇಲೆ, "ಹೋಲಿಸೋದು ಬಾಕಿ ಐತೆ. ನೀನು ಬರದೆ ಕಳಿಸೋಕಾಗಲ್ಲ."

ಬರ್ತೀನಿ ಸರ್ ಎಂದೆ. ಆಡಿಟ್ ಬಂತು. ಮುಂದಿನ ಸಲ ತಪಾಸಣೆಯವರು ಬಂದರು. ಅದರ ಮುಂದಿನ ಸಲ ಏನೂ ಬರಲಿಲ್ಲ, ನನಗೇ ಬೇಜಾರು. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ವಿಜಯವಾಡ. ಅಷ್ಟು ದೂರವನ್ನು ನಾನು ಎರಡು ವರ್ಷ ದಾಟಲಿಲ್ಲ. ನಮ್ಮ ದೇಶದ ನೌಕೆ ಚಂದ್ರನತ್ತ ಹೋದ ವಾರ ಕೊನೆಯ ಸಲ ಫೋನು ಬಂತು. ನೌಕೆಯ ವಿಷಯ ಒಂದೇ ಮಾತು ಆಡಿದರು. "ಸಾಮಾನು ಹೋಗೈತೆ, ಇನ್ನು ಮನುಷ್ಯರು ಹೋಗ್ತಾರೆ. ಹೋಲಿಸೋದು ತಡ ಆಗ್ತೈತಮ್ಮ." ಸಂಕ್ರಾಂತಿಗೆ ಖಂಡಿತ ಬರ್ತೀನಿ ಸರ್ ಎಂದೆ. ಸಂಕ್ರಾಂತಿ ಕಳೆದ ಹದಿನೈದನೆಯ ದಿನ ಮಗಳು ಫೋನು ಮಾಡಿದಳು. ಹಬ್ಬದ ಹಿಂದಿನ ದಿನವೇ ತೀರಿಕೊಂಡಿದ್ದರು. ನನ್ನ ನಂಬರು ಅವರ ಪುಸ್ತಕದಲ್ಲಿ ಈಗ ಸಿಕ್ಕಿತಂತೆ.

ನಾಚಿಕೆಯಾಯಿತು. ಮರುದಿನವೇ ಹೊರಟೆ. ಇರುವ ಒಂದು ಕೆಲಸವನ್ನಾದರೂ ಮಾಡಿ ಮುಗಿಸೋಣ, ಅಷ್ಟೂ ಪುಟಗಳನ್ನು ಕೂತು ಹೋಲಿಸಿ ಕಳಿಸೋಣ ಎಂದುಕೊಂಡು ಎರಡು ಪೆನ್ನು, ಓದುವ ಕನ್ನಡಕ ಎಲ್ಲ ಇಟ್ಟುಕೊಂಡಿದ್ದೆ. ನಿಲ್ದಾಣದಿಂದ ಸಿಟಿ ಬಸ್ಸು ಹಿಡಿದು ಪಟಮಟದಲ್ಲಿ ಇಳಿದು ಅಪಾರ್ಟ್‌ಮೆಂಟ್ ಹುಡುಕಿದೆ. ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಮುಂದಿಟ್ಟ. ಹೆಸರು, ಯಾವ ಫ್ಲ್ಯಾಟು, ಏನು ಕೆಲಸ. ಕೊನೆಯ ಖಾನೆಯಲ್ಲಿ 'ಕಾಗಿತಾಲ ಪನಿ', ಕಾಗದ ಪತ್ರದ ಕೆಲಸ, ಎಂದು ತೆಲುಗಿನಲ್ಲಿ ಬರೆದು ಮೇಲೆ ಹೋದೆ.

ಮಗಳಿಗೆ ನನಗಿಂತ ನಾಲ್ಕಾರು ವರ್ಷ ಕಡಿಮೆ. ಅಪ್ಪನದೇ ಮೂಗು. ಅವಳ ಕನ್ನಡ ಅಡುಗೆಮನೆ ದಾಟಿದ್ದಲ್ಲ. ಊಟ, ನೀರು, ಬಾ, ಹೋಗು ಇಷ್ಟರಲ್ಲೇ ಬೆಳೆದದ್ದು. ನಾನು ಚೀಲದಿಂದ ಪೆನ್ನು ತೆಗೆದು, ಕಾಗದದ ಕಟ್ಟು ಕೊಡಮ್ಮಾ, ಇವತ್ತೇ ಶುರು ಮಾಡೋಣ ಎಂದೆ. ಅವಳು ನನ್ನ ಮುಖ ನೋಡಿದಳು.

"ಅದು ಆಗೋಯ್ತು ಅಕ್ಕಾ. ಯಾವಾಗ್ಲೋ ಆಗೋಯ್ತು."

"ಏನು ಆಯ್ತು?"

"ಆ ಕಂಪೇರ್ ಮಾಡೋದು. ನಾನೇ ಮಾಡ್ದೆ ಅಪ್ಪ ಜೊತೆ. ಇಲ್ಲಿಗೆ ಬಂದ ವರ್ಷನೇ. ಸ್ಕೂಲ್ ಆದ್ಮೇಲೆ ದಿನಾ ಕೂರಿಸೋರು. ಮೊದಲು ಕೋಪ ಬರ್ತಿತ್ತು ಅಕ್ಕಾ, ಆಮೇಲೆ ಅಕ್ಷರ ಬಂದೇಬಿಡ್ತು, ಅಮ್ಮನ ಥರ. ಇಂಗ್ಲಿಷ್ ಕೂಡ ಮಾಡಿ ರಿಜಿಸ್ಟರ್ಡ್ ಪೋಸ್ಟ್ ಕಳ್ಸಿದ್ವಿ."

ಕಟ್ಟು ತಂದು ಬಿಚ್ಚಿದಳು. ನಲವತ್ತು ಪುಟ ತಾಯಿಯ ಸಹಿ. ಆಮೇಲೆ ನನ್ನವು. ಕೊನೆಯವೆಲ್ಲ ಅವಳವು, ಅದೇ ದುಂಡಗಿನ ತೆಲುಗಿನಲ್ಲಿ. ಒಂದೇ ಒಂದು ಜಾಗ ಖಾಲಿಯಿರಲಿಲ್ಲ. ಅಂಚೆಯ ಸ್ವೀಕೃತಿ ಚೀಟಿಯನ್ನು ಮೇಲೆ ಪಿನ್ನು ಹಾಕಿ ಸಿಕ್ಕಿಸಿದ್ದರು.

ಹಾಗಾದರೆ ನನ್ನನ್ನು ಯಾಕೆ ಕರೆಯುತ್ತಿದ್ದರು ಎಂದು ಕೇಳಿದೆ. ಕೇಳುವಾಗಲೇ ಗೊತ್ತಾಗುತ್ತಿತ್ತು.

"ನಾನೂ ಕೇಳ್ದೆ ಅಕ್ಕಾ. ಸುಮ್ನೆ ಬಾ ಅಂತ ಕರೀರಿ, ಸುಳ್ಳು ಯಾಕೆ ಅಂತ. ಕೆಲಸ ಇಲ್ಲ ಅಂದ್ರೆ ಆಕೆ ಯಾಕೆ ಬರ್ತಾಳೆ ಅನ್ನೋರು."

ನನ್ನ ಕೈಯಲ್ಲಿ ಎರಡು ಪೆನ್ನು ಇದ್ದವು. ಎಲ್ಲಿ ಇಡಬೇಕೋ ತಿಳಿಯಲಿಲ್ಲ. ನನ್ನ ಬಾಗಿಲಲ್ಲಿ ನಿಂಬೆಹಣ್ಣು ಹಿಡಿದು ನಿಂತಿದ್ದ ಮನುಷ್ಯ ನೆನಪಾಗಿ ಅತ್ತುಬಿಟ್ಟೆ. ಅವಳು ಎದ್ದು ಹೋಗಿ ನೀರು ತಂದಳು, ಮತ್ತೆ ಹೋಗಿ ಎರಡು ಚೀಟಿ ತಂದಳು. ಅವರ ಮೇಜಿನ ಗಾಜಿನ ಕೆಳಗೆ ಇದ್ದವಂತೆ, ಅವರು ಹೋದ ಮೇಲೆ ಸಿಕ್ಕಿದವು. ಒಂದು ಕರಡು, ಒಂದು ಶುದ್ಧಪ್ರತಿ. ಅವಳಿಗೆ ಕೆಲವು ಪದ ಅರ್ಥವಾಗಿರಲಿಲ್ಲ. ಪದ್ಧತಿ ಬಿಡಬಾರದೆಂದು ಅವಳು ಕರಡು ಹಿಡಿದು ಓದಿದಳು, ನಾನು ಶುದ್ಧಪ್ರತಿಯ ಮೇಲೆ ಬೆರಳಿಟ್ಟೆ. ಅಕ್ಷರ ಅಕ್ಷರ ತಡವಿಕೊಂಡು ತೆಲುಗಿನ ಎಳೆತದಲ್ಲಿ ಓದಿದಳು.

'ಅರವತ್ತೊಂದನೇ ಕಲಮಿಗೆ ತಿದ್ದುಪಡಿ. ನಿವಾಸಿಯೊಬ್ಬರನ್ನು ಕಾಣಲು ಬಂದವರನ್ನು, ಅಲ್ಪವಿರಾಮ, ಬಂದ ಉದ್ದೇಶವೇನೆಂದು ಕೇಳತಕ್ಕದ್ದಲ್ಲ. ಪೂರ್ಣವಿರಾಮ. ಅವರು ಇರುವಷ್ಟು ಹೊತ್ತು ಬೇಕಾಗುವ ಉಸಿರನ್ನು ನಿವಾಸಿಯು ತನ್ನ ಪಾಲಿನಿಂದ ಕೊಡಬಹುದು. ಪೂರ್ಣವಿರಾಮ. ವಿವರಣೆ: ಚಹಾಕ್ಕೆ ಬರುವುದೂ ಬರುವುದೇ. ಪೂರ್ಣವಿರಾಮ.'

ಅಕ್ಷರ ತಪ್ಪಿರಲಿಲ್ಲ. ಇಬ್ಬರೂ ಸಹಿ ಹಾಕಿದೆವು. ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು, ಸಂಜೆಯ ರೈಲು ಹಿಡಿಯಬಹುದಿತ್ತು. ಅವಳು ಚಹಾಕ್ಕೆ ನೀರಿಟ್ಟಳು. ನಾನು ಕೂತೇ ಇದ್ದೆ. ಆಮೇಲೆ ಅನ್ನಕ್ಕೆ ಇಟ್ಟಳು, ಆಗಲೂ ಏಳಲಿಲ್ಲ. ಅವಳ ಶಾಲೆಯ ಮಾತು, ಅವಳ ಅಮ್ಮ ಮಾಡುತ್ತಿದ್ದ ಗೊಂಗೂರ ಪಪ್ಪಿನ, ನಮ್ಮ ಪುಂಡಿಸೊಪ್ಪಿನ ತೊವ್ವೆಯ, ಮಾತು. ಅವಳ ಅಪ್ಪನ ಬಗ್ಗೆ ಹೆಚ್ಚೇನೂ ಆಡಲಿಲ್ಲ.

ಬೆಳಿಗ್ಗೆ ಇಳಿದು ಬಂದಾಗ ವಾಚ್‌ಮನ್ ಹೊರಟ ಸಮಯ ಬರೆಸಿಕೊಳ್ಳಲು ರಿಜಿಸ್ಟರ್ ಚಾಚಿದ. ನಿನ್ನೆಯ ಸಾಲಿನಲ್ಲಿ ನಾನು ಬರೆದದ್ದು ಕಾಣಿಸಿತು. ಪೆನ್ನು ತೆಗೆದು ಅದನ್ನು ಹೊಡೆದು ಹಾಕಿದೆ. ಅವನು ಗಾಬರಿಯಾದ.

"ಮರಿ ಏಂ ರಾಯಮಂಟಾರಮ್ಮಾ?" ಮತ್ತೇನು ಬರೆಯಲಿ ಎಂದ. ಖಾಲಿ ಬಿಟ್ಟರೆ ಸೆಕ್ರೆಟರಿಗಾರು ಬೈಯುತ್ತಾರಂತೆ.

"ಊರಿಕೇ ಅನಿ ರಾಯಿ," ಎಂದೆ. ಸುಮ್ಮನೆ ಬಂದಿದ್ದರು ಅಂತ ಬರಿ.

ಅವನು ಬರೆದುಕೊಂಡ. ಆ ಮಾತು ಹೇಳುವುದಕ್ಕೆ ನಾನು ಎರಡು ವರ್ಷ ತಡ ಮಾಡಿದ್ದೆ.